ಬಿಸ್ಕತ್ತಿನ ಡಬ್ಬಿಯೊಳಗಿನ ಲೋಕ

ವೇಲ್ಸಿನ ಪಡುವಣ ಅಂಚು, ನೆವಿನ್ ಎಂಬ ಊರು,
ಕಡಲಿಗೆ ಬೆನ್ನು ಕೊಟ್ಟು ಕೂತ ಪಬ್ಬು.
ಮಂಗಳವಾರ ರಾತ್ರಿ ಎಂಟಕ್ಕೆ
ಗ್ವಿಲಿಮ್ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ.
ಮುಚ್ಚಳದ ಮೇಲೆ ಯಾವುದೋ ರಾಣಿಯ ಮದುವೆ,
ತುಕ್ಕು ಈಗ ಅವಳ ಕತ್ತಿನವರೆಗೆ ಬಂದಿದೆ.
ಒಳಗೆ ಎರಡು ಸಾವಿರ ಚೀಟಿ:
ಮುಂದೆ ಪ್ರಶ್ನೆ, ಹಿಂದೆ ಉತ್ತರ,
ಅಂಚೆ ಹಂಚಿ ಸವೆದ ಕೈಯ ನೀಲಿ ಅಕ್ಷರ.
ತಲೆಗೆ ಎರಡು ಪೌಂಡು, ದುಡ್ಡೆಲ್ಲ ಜೀವರಕ್ಷಕ ದೋಣಿಗೆ.
ನಾನು ಲೋಟ ತೊಳೆಯುವವಳು,
ಅಂಕ ಕೂಡಿಸುವವಳೂ ನಾನೇ.

ರೆಡ್ ಕ್ರಾಸ್ ಹುಟ್ಟಿದ ಊರು?
ದಾದಿ ಟೆಗ್ವೆನ್ ಹೆಣಿಗೆಯಿಂದ ತಲೆ ಎತ್ತದೆ
ಜಿನೀವಾ ಎಂದು ಪಿಸುಗುಟ್ಟುತ್ತಾಳೆ,
ಪಕ್ಕದ ಮೇಜಿನವರು ಕೇಳಿಸಿಕೊಂಡು ಬರೆಯುತ್ತಾರೆ.

ನೆಪೋಲಿಯನ್ ಸತ್ತ ದ್ವೀಪ?
ಬ್ರೆಡ್ಡಿನಂಗಡಿಯ ಮೈರ್ ಪ್ರತಿ ಸಲವೂ ಎಲ್ಬಾ.
'ಅಮ್ಮಾ, ಅಲ್ಲಿಂದ ಅವನೇ ತಪ್ಪಿಸಿಕೊಂಡು ಹೋದ,
ನೀವು ಇನ್ನೂ ಬಿಡುತ್ತಿಲ್ಲವಲ್ಲ!'

ಐವತ್ತೆಂಟು, ಸ್ವೀಡನ್ನು. ವಿಶ್ವಕಪ್ಪಿನಿಂದ
ವೇಲ್ಸನ್ನು ಮನೆಗೆ ಕಳಿಸಿದ ಆ ಒಂದೇ ಗೋಲು,
ಹೊಡೆದ ಹದಿನೇಳರ ಹುಡುಗನ ಹೆಸರು?
ಎಲ್ಲರಿಗೂ ಗೊತ್ತು.
ಪೆನ್ನೆತ್ತಲು ಮಾತ್ರ ಯಾರಿಗೂ ಮನಸ್ಸಿಲ್ಲ.

ಕಝಾಕಿಸ್ತಾನದ ರಾಜಧಾನಿಯ ಚೀಟಿ ನೋಡಬೇಕು ನೀವು.
ಅಲ್ಮಾ-ಅತಾ. ಗೀಟು.
ಅಲ್ಮಾಟಿ. ಗೀಟು.
ಅಕ್ಮೋಲಾ, ಅದಕ್ಕೂ ಗೀಟು.
ಅಸ್ತಾನಾ ಎಂದು ನೆಮ್ಮದಿಯಿಂದ ದಪ್ಪಗೆ ಬರೆದು
ಇಪ್ಪತ್ತು ವರ್ಷ ಕಳೆದ ಮೇಲೆ ಅದಕ್ಕೂ ಒಂದು ಗೀಟು,
ಜಾಗವಿಲ್ಲದೆ ಅಂಚಿನಲ್ಲಿ ಇರುವೆ ಸಾಲಿನಂತೆ ನೂರ್-ಸುಲ್ತಾನ್.

ಆದರೆ ಗ್ರಹಗಳ ಚೀಟಿಗೆ ಅವನು ಪೆನ್ನು ಮುಟ್ಟಿಸಲಿಲ್ಲ.
ಎರಡು ಸಾವಿರದ ಆರು, ಆಗಸ್ಟ್ ಕೊನೆ.
ಕಲ್ಲುಗಣಿಯ ಇದ್ವಾಲ್ ಎಂಟು ಎಂದು ಬರೆದ,
ಗ್ವಿಲಿಮ್ ಸೊನ್ನೆ ಕೊಟ್ಟ.
'ಪ್ರಾಗ್‌ನಲ್ಲಿ ಪಂಡಿತರು ಸಭೆ ಸೇರಿ
ಹಳದಿ ಚೀಟಿ ಎತ್ತಿ ಪ್ಲುಟೊವನ್ನು ಕೆಳಗಿಳಿಸಿದ್ದಾರೆ,
ಪೇಪರು ಓದುವುದಿಲ್ಲವೇನಯ್ಯ?'
'ಹಳದಿ ಚೀಟಿಗೆ ಯಾರು ಮೈದಾನ ಬಿಡುತ್ತಾರೆ?
ಕೆಂಪು ತೋರಿಸಲಿ, ಆಮೇಲೆ ನೋಡೋಣ.'
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರುಂಟು,
ಗ್ವಿಲಿಮ್ ಹಿಡಿದ ಆಕಾಶಕ್ಕೆ ಒಂಬತ್ತೇ ಗ್ರಹ.

ಅಂದಿನಿಂದ ಇದ್ವಾಲ್ ಗಡಿಯಾರದ ಕೆಳಗೆ.
ಬರುವುದು ತಪ್ಪಿಸಲಿಲ್ಲ, ಮಾತು ಬಿಟ್ಟ.
ಉತ್ತರದ ಹಾಳೆ ನನ್ನ ಕೈಗೆ, ನನ್ನ ಕೈಯಿಂದ ಅವನಿಗೆ.
ಹದಿನಾರು ವರ್ಷ.
ಇಬ್ಬರ ನಡುವೆ ಇದ್ದದ್ದು ಮೂರು ಮೇಜು, ಒಂದು ಒಲೆ,
ಇದ್ವಾಲನ ಮುದಿ ನಾಯಿ; ಅದು ಒಲೆಯ ಹತ್ತಿರ,
ಅಂದರೆ ಗ್ವಿಲಿಮನ ಕಡೆ, ಮಲಗುತ್ತಿತ್ತು.

ಎರಡು ಸಾವಿರದ ಇಪ್ಪತ್ತೆರಡು, ಸೆಪ್ಟೆಂಬರ್.
ಇದ್ವಾಲ್ ಪೇಪರಿನ ತುಣುಕೊಂದನ್ನು ಹರಿದು ತಂದ.
'ಇದನ್ನ ಅವನಿಗೆ ಕೊಡು.' ಅಷ್ಟೇ.
ಕಝಾಕರು ರಾಜಧಾನಿಗೆ ಹಳೆಯ ಹೆಸರನ್ನೇ ಮತ್ತೆ ಇಟ್ಟಿದ್ದರು.
ಗ್ವಿಲಿಮ್ ಎರಡು ಸಲ ಓದಿದ.
ಚೀಟಿ ಹುಡುಕಿ ತೆಗೆದು, ರಬ್ಬರಿನಿಂದ, ಉಗುರಿನಿಂದ,
ಅಸ್ತಾನಾದ ಮೇಲಿನ ಗೀಟನ್ನು ಕೆರೆಯುತ್ತಾ ಕೂತ.
ಚೀಟಿ ತೂತಾಯಿತು.

ಮುಂದಿನ ಮಂಗಳವಾರ ಕೊನೆಯ ಪ್ರಶ್ನೆ:
ಸೂರ್ಯನ ಸುತ್ತ ಗ್ರಹಗಳೆಷ್ಟು?
ತಾನಾಗಿ ಕೈಗೆ ಬಂದ ಚೀಟಿ ಎಂಬಂತೆ ಓದಿದ,
ಸಂಜೆಯಿಂದ ಅದಕ್ಕಾಗಿ ಡಬ್ಬಿ ಕೆದಕಿದ್ದನ್ನು ನಾನು ನೋಡಿದ್ದೆ.
ಇದ್ವಾಲನ ಹಾಳೆಯಲ್ಲಿತ್ತು: 'ಎಂಟು. ಸದ್ಯಕ್ಕೆ.'

ಗ್ವಿಲಿಮ್ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.
ಅರ್ಧ ಅಂಕ, ಎಂದ.
ಮೂವತ್ತೊಂದು ವರ್ಷದಲ್ಲಿ
ನಮ್ಮಲ್ಲಿ ಅರ್ಧ ಎಂಬುದೇ ಇರಲಿಲ್ಲ,
ಅದನ್ನು ಹೇಗೆ ಬರೆಯುವುದೆಂದು ನಾನೇ ಕೇಳಬೇಕಾಯಿತು.

ಆ ಅರ್ಧ ಅಂಕದಿಂದ ಇದ್ವಾಲ್ ಸೋತ.
ಗೆದ್ದದ್ದು ಮೈರ್ ತಂಡ, ಎಲ್ಬಾ ಸಮೇತ.
ಅವನು ಎದ್ದು ಬಂದ, ಮೂರು ಮೇಜು ದಾಟಿ,
ನನ್ನನ್ನು ಬಿಟ್ಟು ನೇರ ಅವನ ಮುಂದೆ ನಿಂತ.
'ಮತ್ತೆ ಕೂಡಿಸು.'
'ನೀನೇ ಕೂಡಿಸಿಕೋ.'
ನಾಯಿ ಕಣ್ಣು ಬಿಟ್ಟು ಇಬ್ಬರನ್ನೂ ನೋಡಿ
ಮತ್ತೆ ಮಲಗಿತು.

ದೋಣಿಯವರ ಹುಂಡಿಯಲ್ಲಿ ಆ ರಾತ್ರಿ
ನಲವತ್ತನಾಲ್ಕು ಪೌಂಡು,
ಒಂದು ಕೋಟಿನ ಗುಂಡಿ.